ಸೊಂಟದೆತ್ತರದ ಬೇಲಿ

ಮನೆಯಂಗಳಕ್ಕೆ ಪುರಸಭೆಯ ನಿಯಮಗಳನ್ನು ಬರೆದವನು ಯಾರೋ ಕರುಣಾಳುವೇ ಇರಬೇಕು. ಜನರ ಕೈಯಲ್ಲಿ ಸದಾ ಅಳತೆಪಟ್ಟಿ ಇರುವುದಿಲ್ಲ, ಆದರೆ ದೇವರು ಕೊಟ್ಟ ಮೈ ಎಲ್ಲಿ ಹೋದರೂ ಜೊತೆಗೇ ಇರುತ್ತದೆ ಎಂದು ಯೋಚಿಸಿ, ಅವನು ಎಲ್ಲವನ್ನೂ ಮೈಯ ಲೆಕ್ಕದಲ್ಲೇ ಬರೆದಿದ್ದ. ಮನೆಯ ಮುಂದಿನ ಹುಲ್ಲು ಪಾದದ ಗಂಟನ್ನು ಮುಚ್ಚಬಾರದು. ಮರದ ಕೊಂಬೆ ದಾರಿಹೋಕರ ತಲೆಗೆ ತಾಗಬಾರದು. ಬೇಲಿಗಿಡ ಸೊಂಟದೆತ್ತರ ಮೀರಬಾರದು. ಮೀರಿದರೆ ಮನೆಯವರೇ ಕತ್ತರಿಸಬೇಕು. ಅವರು ಕತ್ತರಿಸದಿದ್ದರೆ ಪುರಸಭೆಯ ಆಳುಗಳು ಬಂದು ಬುಡಕ್ಕೇ ಕತ್ತರಿಸಿ ಗಾಡಿಗೆ ತುಂಬಿಕೊಂಡು ಹೋಗುತ್ತಾರೆ. ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಊರಿನ ಎಲ್ಲ ಬೀದಿಗಳಲ್ಲೂ ಎಲ್ಲರಿಗೂ ಅರ್ಥವಾಗಿತ್ತು. ಒಂದೇ ಒಂದು ಬೀದಿಯಲ್ಲಿ ಅರ್ಥವಾಗಲಿಲ್ಲ. ಏಕೆಂದರೆ ಆ ಬೀದಿಯಲ್ಲಿ ಒಬ್ಬರು ದರ್ಜಿ ಇದ್ದರು.

ಬೀದಿಯವರು ಅವರನ್ನು ಇಂಚುರಾಯರು ಎಂದು ಕರೆಯುತ್ತಿದ್ದರು. ಕೊರಳಲ್ಲಿ ಟೇಪು ಇಲ್ಲದೆ ಅವರನ್ನು ಕಂಡವರಿಲ್ಲ. ದೇವರ ಮುಂದೆ ಕೈಮುಗಿದು ನಿಂತಾಗಲೂ ಅದು ಕೊರಳಲ್ಲೇ ಇರುತ್ತಿತ್ತು. ಬಾಗಿಲಿಗೆ ಬಂದವರ ಮುಖ ನೋಡುವ ಮೊದಲು ಅವರು ಭುಜ ನೋಡುತ್ತಿದ್ದರು. ಹೆಸರು ಮರೆತಾರು, ಅಳತೆ ಮರೆಯುವವರಲ್ಲ. "ಅವನು ಯಾರಪ್ಪ, ಸೊಂಟ ಮೂವತ್ನಾಲ್ಕು, ಎಡಗೈ ಅರ್ಧ ಇಂಚು ಉದ್ದ?" ಎಂದು ಅವರು ಕೇಳಿದರೆ, ಹೆಸರು ನೆನಪಿಸಿಕೊಡುವುದು ಎದುರಿಗಿದ್ದವರ ಕೆಲಸ.

ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಿಟಕಿಯ ಕೆಳಗೆ ಹೊಲಿಗೆಯಂತ್ರ, ಗೋಡೆಯ ಮೊಳೆಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಮೂಲೆಯಲ್ಲಿ ಹತ್ತಿ ತುಂಬಿದ ಒಂದು ಅಳತೆಯ ಗೊಂಬೆ. ಗೊಂಬೆಗೆ ತಲೆಯಿಲ್ಲ, ಕೈಯಿಲ್ಲ. ಮರದ ಕಾಲಿನ ಮೇಲೆ ಮೈ ಮಾತ್ರ. ಮದುವೆಯಾದ ಹೊಸದರಲ್ಲಿ ಹೆಂಗಸರ ಬಟ್ಟೆ ಹೊಲಿಯಲು ಶುರುಮಾಡಿದಾಗ, ಕೊಳ್ಳಲು ಕೈಲಾಗದೆ, ಹೆಂಡತಿಯನ್ನೇ ಎದುರಿಗೆ ನಿಲ್ಲಿಸಿಕೊಂಡು ನೆಲದಿಂದ ಭುಜದವರೆಗೆ ಅಳೆದು ಅಳೆದು ಅವರೇ ಅದನ್ನು ಮಾಡಿದ್ದರು. ಆಕೆ ಅದನ್ನು 'ನನ್ನ ಸವತಿ' ಎನ್ನುತ್ತಿದ್ದಳು. "ನನಗೆ ವರ್ಷವರ್ಷ ಮೈ ಬರತ್ತೆ, ಈ ಸವತಿ ನೋಡಿ, ಒಂದು ಸುತ್ತು ದಪ್ಪಗಾಗೋದಿಲ್ಲ. ಏನು ತಿನ್ನಿಸ್ತೀರಿ ಇದಕ್ಕೆ?" ಎಂದು ಕಸ ಗುಡಿಸುವಾಗಲೆಲ್ಲ ಅದರ ಬೆನ್ನಿಗೊಂದು ಗುದ್ದು ಕೊಡುತ್ತಿದ್ದಳು.

ಮನೆ ಆಕೆಯ ಹೆಸರಿನಲ್ಲಿತ್ತು. ಗೇಟಿನ ಮೇಲಿನ ಫಲಕದಲ್ಲಿ ಆಕೆಯ ಹೆಸರೇ ಇತ್ತು. "ನಾನು ಇಲ್ಲಿ ಬಾಡಿಗೆಗಿದೀನಿ, ಹೊಲಿಗೆ ಹಾಕಿ ಬಾಡಿಗೆ ತೀರಿಸ್ತಿದೀನಿ" ಎಂದು ಇಂಚುರಾಯರು ಗಿರಾಕಿಗಳಿಗೆ ಹೇಳುತ್ತಿದ್ದರು. ಮುಂದಿನ ಬೇಲಿಯನ್ನು ನೆಟ್ಟವಳೂ ಆಕೆಯೇ. ಸಣ್ಣ ಎಲೆಯ, ಸಣ್ಣ ಬಿಳಿ ಹೂವಿನ ಗಿಡ. ಅದು ಕೊಂಚ ಮೇಲೆದ್ದರೆ ಸಾಕು, ಗಂಡ ಊಟ ಮಾಡಿ ಒರಗಿದ ಹೊತ್ತು ನೋಡಿ, ಮೊಳೆಯಲ್ಲಿದ್ದ ಕತ್ತರಿಯನ್ನೇ ಎತ್ತಿಕೊಂಡು ಹೋಗಿ ಚಕಚಕನೆ ಕತ್ತರಿಸಿಬಿಡುತ್ತಿದ್ದಳು. ಆ ಸದ್ದು ಕಿವಿಗೆ ಬಿದ್ದೊಡನೆ ಇಂಚುರಾಯರು ನಿದ್ದೆಯಿಂದ ಎದ್ದು ಓಡಿಬರುತ್ತಿದ್ದರು.

"ಬಟ್ಟೆ ಕತ್ತರಿ ಕಣೇ ಅದು!"

"ಎಲೆ ಗಿಡದ ಬಟ್ಟೆ ತಾನೆ?" ಎಂದು ಆಕೆ ತಿರುಗಿಯೂ ನೋಡದೆ ಹೇಳುತ್ತಿದ್ದಳು.

ಈ ಜಗಳವನ್ನು ಬೀದಿಯೆಲ್ಲ ಕೇಳಿತ್ತು. ಎಲ್ಲರಿಗಿಂತ ಹೆಚ್ಚು ಕೇಳಿದವರು ಬೀದಿಯ ಕೊನೆಯ ಮನೆಯ ಟೀಚರಮ್ಮ. ನಿವೃತ್ತರಾದ ಆ ಗಿಡ್ಡ ಹೆಂಗಸು ಸಂಜೆ ತಿರುಗಾಡಲು ಹೊರಟರೆ ಈ ಬೇಲಿಯವರೆಗೆ ಬಂದು ನಿಲ್ಲುತ್ತಿದ್ದರು. ಅಲ್ಲಿಂದ ಮುಂದೆ ಅವರ ತಿರುಗಾಟ ಸಾಗಿದ್ದನ್ನು ಯಾರೂ ನೋಡಿಲ್ಲ. ರಸ್ತೆಯ ಕಡೆಯಿಂದ ಅವರು, ಅಂಗಳದ ಕಡೆಯಿಂದ ಈಕೆ, ಬೇಲಿಯ ಮೇಲೆ ಮೊಣಕೈ ಊರಿಕೊಂಡು ಬೀದಿದೀಪ ಹತ್ತುವ ತನಕ ಮಾತು. ಒಳಗೆ ಯಂತ್ರ ತುಳಿಯುತ್ತ ಕೂತ ಇಂಚುರಾಯರಿಗೆ ಲೋಕದ ಸುದ್ದಿಯೆಲ್ಲ ಹೀಗೇ ತಲುಪುತ್ತಿತ್ತು.

ಆಕೆ ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು. ಭಗವಂತ ಕರೆದುಕೊಂಡ, ಏಕೆ ಎಂದು ಕೇಳುವಂತಿಲ್ಲ. ಅಂದಿನಿಂದ ಆ ಬೇಲಿಗೆ ಯಾರೂ ಕತ್ತರಿ ಹಾಕಿರಲಿಲ್ಲ. ಹಾಕಲು ಬಂದ ಮಾಲಿಯನ್ನು ಇಂಚುರಾಯರು ಗೇಟಿನಿಂದಲೇ ಹಿಂದಕ್ಕೆ ಕಳಿಸಿದ್ದರು. ಗಿಡಕ್ಕೆ ಹೇಳುವವರಿಲ್ಲ, ಕೇಳುವವರಿಲ್ಲ. ಅದು ಸೊಂಟ ದಾಟಿತು, ಎದೆ ದಾಟಿತು, ಕತ್ತಿನವರೆಗೆ ಬಂದು ನಿಂತಿತು. ಸಂಜೆಯ ಹೊತ್ತು ಅದರ ಆಚೆ ಟೀಚರಮ್ಮನ ಛತ್ರಿಯ ತುದಿಯೊಂದು ಹಾದುಹೋಗುವುದು ಮಾತ್ರ ಕಿಟಕಿಯಿಂದ ಕಾಣುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಬೇಲಿಯ ಆಚೆಯಿಂದ ಒಂದು ದನಿ ಬಂತು.

"ಯಾರ್ರೀ ಒಳಗೆ? ಈ ಬೇಲಿ ಹಿಂದೆ ಮನೆ ಅಂತ ಇದೆಯೋ ಇಲ್ವೋ?"

ಪುರಸಭೆಯ ತೋಟದ ಇನ್ಸ್‌ಪೆಕ್ಟರು. ಊರಿಗೆ ಹೊಸಬರು, ಗಿಡ್ಡಗೆ ಗುಂಡಗಿದ್ದರು, ತಲೆಯ ಮೇಲೆ ಟೋಪಿ. ಇಂಚುರಾಯರು ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡೇ ಹೊರಗೆ ಬಂದರು.

"ಇದು ಯಾರ ಬೇಲಿ?"

"ಉಂ" ಎಂದರು ಇಂಚುರಾಯರು.

"ಸರ್ಕಾರಿ ಕೆಲಸದಲ್ಲಿರೋರಿಗೆ ಉಂ ಅಂತೀರಾ?"

ಇಂಚುರಾಯರು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಅಂಗಿಯ ಕಾಲರಿಗೆ ಚುಚ್ಚಿಕೊಂಡರು. ಅಷ್ಟು ಹೊತ್ತೂ ಇನ್ಸ್‌ಪೆಕ್ಟರು ತಾಳ್ಮೆಯಿಂದ ಕಾದರು. ಅವರು ನಿಜಕ್ಕೂ ಒಳ್ಳೆಯವರು. ಬೆಳಗಿನ ಬಿಸಿಲು ಮಾತ್ರ ಅವರಿಗೆ ಆಗಿಬರುತ್ತಿರಲಿಲ್ಲ.

"ಬೇಲಿ ಮೇಲೆ ದೂರು ಬಂದಿದೆ. ಯಾರು ಕೊಟ್ರು ಅಂತ ಕೇಳ್ಬೇಡಿ, ಹೇಳೋ ಹಾಗಿಲ್ಲ. ವಾರದೊಳಗೆ ಸೊಂಟದೆತ್ತರಕ್ಕೆ ಇಳಿಸಿಬಿಡಿ. ಇಲ್ಲಾಂದ್ರೆ ನಮ್ಮ ಆಳುಗಳು ಬರ್ತಾರೆ. ಅವರ ಕೈಗೆ ಸೊಂಟ ಗೊತ್ತಿಲ್ಲ, ಬುಡ ಒಂದೇ ಗೊತ್ತಿರೋದು."

ಬುಡ ಎಂಬ ಮಾತು ಕೇಳಿ ಇಂಚುರಾಯರು ಕೊರಳಿನ ಟೇಪನ್ನು ಕೈಗೆ ತೆಗೆದುಕೊಂಡರು. 'ಇದು ನನ್ನ ಹೆಂಡತಿ ನೆಟ್ಟದ್ದು' ಎಂದು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಗಂಡಸರಿಗೆ ಹೇಳಬೇಕಾದ ಮಾತು ಸಮಯಕ್ಕೆ ಬಾಯಿಗೆ ಬರುವುದಿಲ್ಲ. ಕಸುಬಿನ ಮಾತು ಮಾತ್ರ ಬರುತ್ತದೆ.

"ಯಾರ ಸೊಂಟ ಸಾರ್?"

"ಯಾರ ಸೊಂಟ ಅಂದ್ರೆ? ಸೊಂಟ ಅಂದ್ರೆ ಸೊಂಟ! ಇಗೋ, ಇಲ್ಲಿ!" ಎಂದು ಇನ್ಸ್‌ಪೆಕ್ಟರು ತಮ್ಮ ಬೆಲ್ಟಿನ ಮೇಲೆ ತಟ್ಟಿಕೊಂಡರು.

ಇಂಚುರಾಯರು ಬಗ್ಗಿ ನೋಡಿದರು. ತಲೆ ಅಲ್ಲಾಡಿಸಿದರು. "ಅದು ಸೊಂಟ ಅಲ್ಲ ಸಾರ್, ಬೆಲ್ಟು."

"ಏನಂದ್ರಿ?"

"ಬಹಳ ವರ್ಷದಿಂದ ಪ್ಯಾಂಟು ಹೊಲೀತಿದೀನಿ ಸಾರ್. ಹೊಟ್ಟೆ ಮುಂದೆ ಬಂದ ಹಾಗೆಲ್ಲ ಬೆಲ್ಟು ಕೆಳಗೆ ಜಾರತ್ತೆ. ಸೊಂಟ ಪಾಪ, ದೇವರು ಇಟ್ಟ ಕಡೆನೇ ಇರತ್ತೆ."

"ಹಾಗಾದ್ರೆ ನನ್ನ ಸೊಂಟ ಎಲ್ಲಿದೆ ರೀ?"

"ಹುಡುಕಬೇಕು ಸಾರ್. ಸ್ವಲ್ಪ ಪಕ್ಕಕ್ಕೆ ಬಗ್ಗಿ. ಇನ್ನೂ ಸ್ವಲ್ಪ. ಮೈ ಎಲ್ಲಿ ಮಡಚತ್ತೋ ಅದೇ ಸೊಂಟ."

ಇನ್ಸ್‌ಪೆಕ್ಟರು ಬಗ್ಗಿದರು. ಏಕೆ ಬಗ್ಗಿದರೆಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಕೊರಳಲ್ಲಿ ಟೇಪು ಹಾಕಿಕೊಂಡವನು ಬಗ್ಗು ಎಂದರೆ ಬಗ್ಗುವುದು, ಕೈಯೆತ್ತು ಎಂದರೆ ಎತ್ತುವುದು ಮನುಷ್ಯನಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಇಂಚುರಾಯರು ಅವರ ಪಕ್ಕೆಗೆ ಬೆರಳೊತ್ತಿ, "ಇಗೋ, ಸಿಕ್ತು!" ಎಂದು ನೆಲದವರೆಗೆ ಟೇಪು ಬಿಟ್ಟರು. "ಮೂವತ್ತಾರು."

ಇನ್ಸ್‌ಪೆಕ್ಟರು ಆ ಜಾಗವನ್ನು ತಾವೂ ಒಮ್ಮೆ ಮುಟ್ಟಿ ನೋಡಿಕೊಂಡರು. ಬಹಳ ಕಾಲದಿಂದ ಕಾಗದ ಬರೆಯದ ನೆಂಟನೊಬ್ಬ ದಾರಿಯಲ್ಲಿ ಸಿಕ್ಕಂತಾಗಿತ್ತು ಅವರಿಗೆ.

ಅಷ್ಟರಲ್ಲಿ ಪಕ್ಕದ ಮನೆಯ ಕಂಬಣ್ಣ ಹೊರಗೆ ಬಂದ. ಅಗ್ನಿಶಾಮಕ ದಳದಲ್ಲಿ ಕೆಲಸ. ಏಣಿಯಿಲ್ಲದೆಯೇ ಅರ್ಧ ಬೆಂಕಿ ಆರಿಸುತ್ತಾನೆ ಎಂಬಷ್ಟು ಎತ್ತರ. "ಏನ್ ರಾಯರೇ, ಬೆಳಬೆಳಗ್ಗೆ ವ್ಯಾಯಾಮನಾ?" ಎಂದ.

"ನೀನೂ ಬಗ್ಗಪ್ಪ" ಎಂದರು ಇಂಚುರಾಯರು.

ಅವನೂ ಬಗ್ಗಿದ. ಟೇಪು ಇಳಿಯಿತು, ಇಳಿಯಿತು, ಇಳಿಯುತ್ತಲೇ ಹೋಯಿತು. "ನಲವತ್ತಾರು! ನೋಡಿ ಸಾರ್. ನಿಮಗೂ ಇವನಿಗೂ ಹತ್ತಿಂಚು. ಹತ್ತಿಂಚು ಅಂದ್ರೆ ಆಟ ಅಲ್ಲ, ಒಂದು ಮಗುವಿನ ಚಡ್ಡಿ ಆಗತ್ತೆ. ಈಗ ಹೇಳಿ, ಯಾವ ಸೊಂಟಕ್ಕೆ ಕತ್ತರಿಸಲಿ?"

ಇನ್ಸ್‌ಪೆಕ್ಟರು ಟೋಪಿ ತೆಗೆದರು, ತಲೆ ಒರೆಸಿಕೊಂಡರು, ಟೋಪಿ ಹಾಕಿಕೊಂಡರು. "ಮೇಲಿನವರನ್ನ ಕೇಳ್ತೀನಿ. ಅಲ್ಲೀವರೆಗೂ ಯಾರೂ ಏನೂ ಕತ್ತರಿಸ್ಬೇಡಿ" ಎಂದು ಹೊರಟೇಹೋದರು. ಹೋಗುವಾಗ ಪ್ಯಾಂಟನ್ನು ಸಿಕ್ಕ ಸೊಂಟದವರೆಗೆ ಎಳೆದುಕೊಂಡೇ ಹೋದರು. ಮೂಲೆ ತಿರುಗುವಷ್ಟರಲ್ಲಿ ಅದು ಮತ್ತೆ ಜಾರಿತ್ತು.

ಭಗವಂತ ಸೊಂಟಗಳನ್ನೆಲ್ಲ ಒಂದೇ ಎತ್ತರಕ್ಕೆ ಇಟ್ಟಿಲ್ಲ ಎಂಬ ಸಂಗತಿ ಹೀಗೆ ಪುರಸಭೆಯನ್ನು ತಲುಪಿತು. ಬೀದಿಯನ್ನು ಅದಕ್ಕೂ ಮೊದಲೇ ತಲುಪಿತ್ತು. "ಇಂಚುರಾಯರು ಒಂದೇ ಪ್ರಶ್ನೆ ಕೇಳಿದ್ರಂತೆ, ಇನ್ಸ್‌ಪೆಕ್ಟರು ಬೆವರಿಬಿಟ್ರಂತೆ" ಎಂದು ಹಾಲು ಹಾಕುವವನಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರೂ ಹೇಳಿದರು. ಇಂಚುರಾಯರು ಮೊದಲು "ಅಯ್ಯೋ, ಹಾಗೇನಿಲ್ಲ" ಎಂದರು. ಆಮೇಲೆ "ಏನೋ, ನಮಗೆ ತಿಳಿದದ್ದು ಹೇಳಿದ್ವಿ" ಎಂದರು. ಮೂರನೆಯವರು ಹೊಗಳುವಷ್ಟರಲ್ಲಿ, "ಕಾನೂನಿನಲ್ಲೂ ಹೊಲಿಗೆ ಬಿಟ್ಟ ಕಡೆ ಇರತ್ತೆ, ನೋಡೋ ಕಣ್ಣು ಬೇಕು" ಎಂದು ಕನ್ನಡಕದ ಮೇಲಿಂದ ನೋಡಿದರು. ಅವರ ಬಾಯಲ್ಲಿ ಕಾನೂನು ಎಂಬ ಮಾತು ಬಂದದ್ದು ಅದೇ ಮೊದಲು.

ಬೀದಿಯಲ್ಲಿ ಎಲ್ಲರಿಗೂ ಬೇಲಿ ಇತ್ತು, ಎಲ್ಲರಿಗೂ ಸೋಮಾರಿತನವೂ ಇತ್ತು. ಹಾಗಾಗಿ ಒಂದು ಸಂಜೆ ಎಲ್ಲರೂ ಅಳತೆಗೆಂದು ದರ್ಜಿಯ ಅಂಗಳಕ್ಕೇ ಬಂದರು. ಆ ಹೊತ್ತಿಗೆ ಇಂಚುರಾಯರ ನಾದಿನಿ, ಅಂದರೆ ತೀರಿಕೊಂಡಾಕೆಯ ತಂಗಿ, ಊಟದ ಡಬ್ಬಿ ಹಿಡಿದು ಬಂದಳು. ಅಕ್ಕ ಹೋದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಬಂದು ಭಾವನಿಗೆ ಊಟ ಹಾಕಿ ಬೈದು ಹೋಗುವುದು ಅವಳ ಪದ್ಧತಿ. ಗೇಟು ತೆಗೆದು ನೋಡಿದರೆ ಅಂಗಳದ ತುಂಬ ಜನ, ಎಲ್ಲರೂ ಒಂದೇ ಪಕ್ಕಕ್ಕೆ ಬಗ್ಗಿ ನಿಂತಿದ್ದಾರೆ.

"ಭಾವ! ಇದೇನು, ಬೀದಿಗೆ ಬೀದಿಯೇ ಒಟ್ಟಿಗೆ ಸೊಂಟ ಉಳುಕಿಸಿಕೊಂಡಿದೆ?"

"ಸುಮ್ನಿರೇ, ಕಾನೂನಿನ ಕೆಲಸ ನಡೀತಿದೆ."

ನಡೆಯುತ್ತಿದ್ದದ್ದು ಕಂಬಣ್ಣನ ಮೆರವಣಿಗೆ. ಬೀದಿಯ ಬೇಲಿಗೆಲ್ಲ ಅವನ ಸೊಂಟವೇ ಅಳತೆಯಾಗಬೇಕೆಂದು ಹೆಚ್ಚಿನವರ ಹಟ. ಅವನನ್ನು ಸ್ಟೂಲಿನ ಪಕ್ಕ ನಿಲ್ಲಿಸಿ ಎಲ್ಲರೂ ಸುತ್ತ ನೋಡಿ ಸಂತೋಷಪಟ್ಟರು. "ಇವರನ್ನ ಕಟ್ಟಿಕೊಂಡು ಇಷ್ಟು ವರ್ಷವಾಯ್ತು, ಇವರ ಸೊಂಟಕ್ಕೆ ಇಷ್ಟು ಮರ್ಯಾದೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದಳು ಅವನ ಹೆಂಡತಿ.

ಆಗ ಗೇಟಿನ ಹತ್ತಿರ ಛತ್ರಿಯೊಂದು ನೆಲಕ್ಕೆ ಬಡಿಯಿತು. ಟೀಚರಮ್ಮ.

"ನನ್ನದು ಸೊಂಟ ಅಲ್ವೇನ್ರೀ?"

ಎಲ್ಲರೂ ಸರಿದು ದಾರಿ ಬಿಟ್ಟರು. ಅವರಲ್ಲಿ ಅರ್ಧ ಜನ ಟೀಚರಮ್ಮನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು.

"ಅಳೀರಿ" ಎಂದರು ಟೀಚರಮ್ಮ. ಛತ್ರಿ ಊರಿಕೊಂಡು ಒಂದು ಕೂದಲೆಳೆಯಷ್ಟು ಬಗ್ಗಿದರು. ಇಂಚುರಾಯರು ಅಳೆದರು.

"ಮೂವತ್ನಾಲ್ಕು."

"ಬರ್ಕೊಳ್ಳಿ. ನನ್ನ ಸೊಂಟಕ್ಕೆ ಕತ್ತರಿಸಿ ಎಲ್ಲರೂ. ಬೀದೀಲಿ ನಡೆದು ಹೋದ್ರೆ ಒಂದು ಮನುಷ್ಯರ ಮುಖ ಕಾಣಲ್ಲ. ಕಾಡಲ್ಲಿ ಹೋದ ಹಾಗಾಗತ್ತೆ."

"ಮೂವತ್ನಾಲ್ಕಕ್ಕೆ ಕತ್ತರಿಸಿದ್ರೆ ನನಗೆ ಮೊಣಕಾಲಿಗೆ ಬರತ್ತೆ ಟೀಚರಮ್ಮ" ಎಂದ ಕಂಬಣ್ಣ.

"ನೀನು ಬೆಂಚಿನ ಮೇಲೆ ನಿಂತ ಶಿಕ್ಷೆ ಜಾಸ್ತಿಯಾಗಿ ಹಾಗೆ ಬೆಳೆದೆ. ಅದು ಪುರಸಭೆ ತಪ್ಪಲ್ಲ."

ಅಲ್ಲಿಂದ ಬೀದಿಯಲ್ಲಿ ಉದ್ದದ ಪಕ್ಷ, ಗಿಡ್ಡ ಪಕ್ಷ ಎಂದು ಎರಡಾದವು. ಉದ್ದದವರು ಗಿಡ್ಡದವರಿಗೆ ದಾರಿ ಬಿಡಲಿಲ್ಲ, ಗಿಡ್ಡದವರು ಉದ್ದದವರನ್ನು ತಲೆಯೆತ್ತಿ ನೋಡಲಿಲ್ಲ. ಎರಡು ಪಕ್ಷದವರೂ ಇಂಚುರಾಯರ ಅಂಗಡಿಗೆ ಬಂದು ಹರಿಯದ ಪ್ಯಾಂಟುಗಳನ್ನು ತೇಪೆಗೆ ಕೊಟ್ಟು, ಕಿವಿಯಲ್ಲಿ ಪಿಸುಗುಟ್ಟಿ ಹೋಗತೊಡಗಿದರು. ಇಂಚುರಾಯರಿಗೆ ಇದು ಸುಖವಾಗಿಯೇ ಇತ್ತು. ಜಗಳ ಮುಗಿಯದಷ್ಟು ಕಾಲ ಬೇಲಿಗೆ ಯಾರೂ ಕೈಹಾಕುವಂತಿಲ್ಲವಲ್ಲ.

ನಾದಿನಿ ಮಾತ್ರ ಡಬ್ಬಿ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಭಾವ, ಇಷ್ಟೆಲ್ಲ ಯಾಕೆ? ಕತ್ತರಿ ತಗೊಂಡು ಒಂದು ಸಾರಿ ಕತ್ತರಿಸಿಬಿಟ್ರೆ ಮುಗೀತಲ್ವಾ?"

"ಕತ್ತರಿ ಸಾಣೆಗೆ ಹೋಗಿದೆ" ಎಂದರು ಇಂಚುರಾಯರು.

ಕತ್ತರಿ ಅವರ ತಲೆಯ ಮೇಲೆಯೇ ಮೊಳೆಯಲ್ಲಿ ತೂಗುತ್ತಿತ್ತು. ನಾದಿನಿ ಕತ್ತರಿಯನ್ನು ನೋಡಿದಳು, ಭಾವನನ್ನು ನೋಡಿದಳು. ಬೈಯಲು ಬಾಯಿ ತೆರೆದವಳು, "ಊಟ ಆರಿಹೋಗತ್ತೆ, ಏಳಿ" ಎಂದು ಮಾತ್ರ ಹೇಳಿದಳು.

ವಾರ ತುಂಬಿದ ದಿನ ಇನ್ಸ್‌ಪೆಕ್ಟರು ಮತ್ತೆ ಬಂದರು. ಈ ಸಲ ಅವರ ಹಿಂದೆ ಗಾಡಿಯೊಂದು ಬಂದು ಬೀದಿಯ ಬಾಯಲ್ಲಿ ನಿಂತಿತು. ಗಾಡಿಯಲ್ಲಿ ಗರಗಸ, ಕೊಡಲಿ, ಬೀಡಿ ಸೇದುತ್ತ ಕೂತ ಇಬ್ಬರು ಆಳುಗಳು. ಇನ್ಸ್‌ಪೆಕ್ಟರು ಬೀದಿಯ ನಡುವೆ ನಿಂತು ದೊಡ್ಡ ದನಿಯಲ್ಲಿ ಹೇಳಿದರು:

"ಎಲ್ಲರೂ ಕೇಳಿಸ್ಕೊಳ್ಳಿ! ಮೇಲಿನವರು ತೀರ್ಮಾನ ಮಾಡಿದಾರೆ. ಸೊಂಟ ಅಂದ್ರೆ ಯಾರ ಮನೆಯೋ ಅವರ ಸೊಂಟ. ಮನೆ ಯಾರ ಹೆಸರಲ್ಲಿದೆಯೋ ಅವರದ್ದು. ಊರಿನವರ ಸೊಂಟ ಇಲ್ಲಿ ಬೇಕಾಗಿಲ್ಲ. ಈಗಲೇ ಅಳೆದು ದಾರ ಕಟ್ತೀವಿ, ಸಂಜೆಯೊಳಗೆ ಕತ್ತರಿಸಬೇಕು. ಕತ್ತರಿಸದವರ ಬೇಲಿ ಗಾಡಿಗೆ!" ಆಮೇಲೆ ದನಿ ತಗ್ಗಿಸಿ, "ರಾಯರೇ, ಅಳತೆಗೆ ನೀವೇ ಬರಬೇಕು. ನನಗೆ ನನ್ನದೇ ಸಿಗಲ್ಲ" ಎಂದರು.

ಎಲ್ಲರೂ ಒಳಗೆ ಓಡಿದರು. ಹೊರಗೆ ಬಂದಾಗ ಎಲ್ಲರೂ ಒಂದಷ್ಟು ಎತ್ತರವಾಗಿದ್ದರು. ಮೊದಲ ಮನೆಯ ಯಜಮಾನ ಹೆಂಡತಿಯ ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿಕೊಂಡು ತೂರಾಡುತ್ತ ನಿಂತ. ಎರಡನೆಯವರು ಪ್ಯಾಂಟನ್ನು ಎದೆಯವರೆಗೆ ಎಳೆದು, "ನಮ್ಮ ಮನೆತನದಲ್ಲಿ ಎಲ್ಲರಿಗೂ ಸೊಂಟ ಇಲ್ಲೇ" ಎಂದರು. ಇಂಚುರಾಯರು ಒಬ್ಬರನ್ನೂ ಬಿಡಲಿಲ್ಲ. ಚಪ್ಪಲಿ ಬಿಚ್ಚಿಸಿದರು, ಬಗ್ಗಿಸಿದರು, ಅಳೆದರು, ಬಿಳಿ ದಾರ ಕಟ್ಟಿದರು. ಪಕ್ಷಭೇದವೆಲ್ಲ ಮರೆತು ಬೀದಿಯೇ ಅವರ ಹಿಂದೆ ಮನೆಯಿಂದ ಮನೆಗೆ ಬಂತು.

ಕಂಬಣ್ಣನ ಮನೆಗೆ ಬಂದಾಗ ಅವನು ಎದೆಯುಬ್ಬಿಸಿ ಬೇಲಿಯ ಪಕ್ಕ ನಿಂತಿದ್ದ.

"ಮನೆ ಯಾರ ಹೆಸರಲ್ಲಿದೆ?" ಎಂದರು ಇನ್ಸ್‌ಪೆಕ್ಟರು.

ಕಂಬಣ್ಣನ ಎದೆ ಇಳಿಯಿತು. "ನಮ್ಮಮ್ಮನ ಹೆಸರಲ್ಲಿ."

ಒಳಗಿಂದ ಅವನ ತಾಯಿ ಬಂದರು. ಇಷ್ಟುದ್ದದ ಮಗನನ್ನು ಆ ಹಿಡಿಯಷ್ಟಿದ್ದ ಅಜ್ಜಿ ಹೇಗೆ ಎತ್ತಿ ಆಡಿಸಿದರೋ ದೇವರಿಗೇ ಗೊತ್ತು.

"ಅಮ್ಮ, ಈ ಸ್ಟೂಲಿನ ಮೇಲೆ ನಿಂತ್ಕೋ" ಎಂದು ಕಂಬಣ್ಣ ಮೆಲ್ಲಗೆ ಹೇಳಿದ.

"ಸ್ಟೂಲು ಆಚೆ" ಎಂದರು ಇಂಚುರಾಯರು.

"ಈ ವಯಸ್ಸಲ್ಲಿ ನನ್ನ ಸೊಂಟದ ಸುದ್ದಿ ಯಾಕಪ್ಪ ನಿಮಗೆಲ್ಲ?" ಎಂದು ಅಜ್ಜಿ ನಾಚಿಕೊಂಡೇ ಬಗ್ಗಿದರು. "ನಮ್ಮ ಮನೆಯವರು ಇದ್ದಾಗ ಒಂದು ದಿನ ಕೇಳ್ಲಿಲ್ಲ."

"ಮೂವತ್ತೊಂದೂವರೆ."

ಗಿಡ್ಡ ಪಕ್ಷದವರು ಕೇಕೆ ಹಾಕಿದರು. ಕಂಬಣ್ಣ ಬೇಲಿಯ ಮೇಲೆ ತಲೆಯಿಟ್ಟ. ಇನ್ನು ತಲೆಯಿಡಲು ಅಲ್ಲಿ ಬೇಲಿ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಎಲ್ಲರೂ ನಗುತ್ತಿದ್ದರು. ಇಂಚುರಾಯರು ಮಾತ್ರ ದಾರ ಕಟ್ಟುವುದರಲ್ಲಿ ಬಹಳ ಹೊತ್ತು ಮಾಡಿದರು. ಗಂಟು ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. ಏಕೆಂದರೆ ಮುಂದಿನ ಮನೆ ಅವರದೇ.

ಇನ್ಸ್‌ಪೆಕ್ಟರು ಗೇಟಿನ ಫಲಕವನ್ನು ಓದಿದರು. "ಓಹೋ! ರಾಯರೇ, ಇಲ್ಲೂ ಮನೆ ಅಮ್ಮಾವ್ರ ಹೆಸರಲ್ಲೇ ಇದೆ. ಒಳ್ಳೇದಾಯ್ತು. ಕರೀರಿ ಅವರನ್ನ."

ನಗು ನಿಂತಿತು. ಬೀದಿಯಲ್ಲಿ ಅಷ್ಟು ಜನ ಇದ್ದರು, ಒಬ್ಬರಾದರೂ ಹೇಳಬಹುದಿತ್ತು. ಕಂಬಣ್ಣ ಕೆಮ್ಮಿದ. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಟೀಚರಮ್ಮನ ಛತ್ರಿ ಬೇಲಿಯ ಆಚೆ ಅಲ್ಲಾಡದೆ ನಿಂತಿತ್ತು.

"ಯಾಕ್ರೀ, ಮನೇಲಿಲ್ವಾ? ಇಲ್ಲಾಂದ್ರೆ ಕಷ್ಟ. ಸೊಂಟ ಇಲ್ಲದ ಮನೆಗೆ ನಿಯಮ ಇಲ್ಲ. ಗಾಡಿಗೇ ಹಾಕಬೇಕಾಗತ್ತೆ" ಎಂದರು ಇನ್ಸ್‌ಪೆಕ್ಟರು. ಅವರಿಗೆ ತಿಳಿದಿರಲಿಲ್ಲ; ಅವರ ಮೇಲೆ ತಪ್ಪು ಹೊರಿಸುವಂತಿಲ್ಲ.

ಬೀದಿಯ ಬಾಯಲ್ಲಿ ಆಳುಗಳು ಬೀಡಿ ಎಸೆದು ಎದ್ದು ನಿಂತರು.

"ಇದಾಳೆ" ಎಂದರು ಇಂಚುರಾಯರು. "ಕರ್ಕೊಂಡು ಬರ್ತೀನಿ."

ಅಂದು ನಾದಿನಿ ಬರುವ ದಿನವೂ ಆಗಿತ್ತು. ಹೊಸ್ತಿಲಲ್ಲಿ ನಿಂತಿದ್ದ ಅವಳು "ಭಾವ..." ಎಂದಳು. ಅವರು ಅವಳನ್ನು ದಾಟಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ, ಬೇಲಿಯ ಆಚೆ ನಿಂತವರಿಗೆ ಅಂಗಳದಲ್ಲಿ ಬಿಳಿಯ ಬಟ್ಟೆ ಹೊದ್ದ ಒಂದು ಆಕೃತಿ ಇಂಚುರಾಯರ ತೋಳಿನ ಆಸರೆಯಲ್ಲಿ ಮೆಲ್ಲಗೆ ಬರುವುದು ಕಂಡಿತು. ಬೇಲಿಯ ಎಲೆಗಳ ಸಂದಿಯಲ್ಲಿ ತೋರುತ್ತಿದ್ದದ್ದು ಭುಜ ಮಾತ್ರ, ಅದರ ಮೇಲೆ ಹೊದಿಕೆಯ ಒಂದು ಮಡಿಕೆ.

ಇನ್ಸ್‌ಪೆಕ್ಟರು ತಟ್ಟನೆ ಟೋಪಿ ತೆಗೆದರು. ಹುಷಾರಿಲ್ಲದ ಹೆಂಗಸನ್ನು ಎಬ್ಬಿಸಿ ತಂದರಲ್ಲ ಎಂದು ಅವರಿಗೆ ಸಂಕೋಚವಾಯಿತು.

"ನಮಸ್ಕಾರ ಅಮ್ಮ. ನಿಮಗೆ ತೊಂದರೆ ಕೊಟ್ವಿ, ಏನೂ ತಿಳ್ಕೋಬೇಡಿ. ಒಂದೇ ನಿಮಿಷದ ಕೆಲಸ. ಸ್ವಲ್ಪ ಪಕ್ಕಕ್ಕೆ ಬಗ್ತೀರಾ?"

"ಬಗ್ಗಲ್ಲ ಸಾರ್" ಎಂದರು ಇಂಚುರಾಯರು. "ಅವಳು ಯಾವತ್ತೂ ಬಗ್ಗಿದೋಳಲ್ಲ."

ಅವರು ಗೊಂಬೆಯನ್ನು ಬೇಲಿಗೆ ತಾಗಿಸಿ ನಿಲ್ಲಿಸಿ ಹೊದಿಕೆ ತೆಗೆದರು. ವರ್ಷದ ಧೂಳು ಎದ್ದು ಬಿಸಿಲಲ್ಲಿ ಹೊಳೆಯಿತು. ಇನ್ಸ್‌ಪೆಕ್ಟರು ಅಷ್ಟು ಹೊತ್ತು ಮಾತಾಡಿಸಿದ್ದು ತಲೆಯಿಲ್ಲದ ಹತ್ತಿಗೊಂಬೆಯನ್ನೆಂದು ಬೀದಿಗೆಲ್ಲ ಕಂಡಿತು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

"ಏನ್ರೀ ಇದು?" ಎಂದರು ಇನ್ಸ್‌ಪೆಕ್ಟರು.

ನಾದಿನಿ ಮೆಟ್ಟಿಲಿಳಿದು ಬಂದಳು. "ನಮ್ಮಕ್ಕ ತೀರಿಕೊಂಡು ವರ್ಷದ ಮೇಲಾಯ್ತು ಸಾರ್. ಅವಳ ಅಳತೆ ಉಳಿದಿರೋದು ಇದೊಂದರಲ್ಲೇ. ಈ ಬೇಲಿ ಅವಳು ನೆಟ್ಟದ್ದು."

"ಸುತ್ತಳತೆ ಆಮೇಲೆ ಬದಲಾಯ್ತು ಸಾರ್, ಅದು ನಿಜ" ಎಂದರು ಇಂಚುರಾಯರು ತಗ್ಗಿದ ದನಿಯಲ್ಲಿ. ಕಸುಬಿನವರು ಇಂಥ ಹೊತ್ತಿನಲ್ಲೂ ಸುಳ್ಳು ಅಳತೆ ಕೊಡುವುದಿಲ್ಲ. "ಆದ್ರೆ ನೆಲದಿಂದ ಸೊಂಟಕ್ಕೆ ಇರೋ ಎತ್ತರ ಬದಲಾಗಲ್ಲ. ಅದು ಅವಳದ್ದೇ."

ಇನ್ಸ್‌ಪೆಕ್ಟರ ಟೋಪಿ ಕೈಯಲ್ಲೇ ಇತ್ತು. ಅವರು ಗೇಟು ತೆಗೆದು ಒಳಗೆ ಬಂದು, ಗೊಂಬೆಗೆ ಮತ್ತೊಮ್ಮೆ ಸಣ್ಣಗೆ ಕೈಮುಗಿದರು.

"ಅಳೀರಿ ರಾಯರೇ. ಮನೆ ಯಜಮಾನಮ್ಮ ನಿಂತಿದಾರಲ್ಲ, ನಿಯಮಕ್ಕೆ ಅಷ್ಟು ಸಾಕು."

ಇಂಚುರಾಯರು ಟೇಪು ಬಿಟ್ಟರು. ಅಳೆಯದೆಯೇ ಅವರಿಗೆ ಗೊತ್ತಿದ್ದ ಅಳತೆ ಅದು. "ಮೂವತ್ತೆಂಟೂವರೆ."

"ಕತ್ತರಿಸೋಕೆ ನಮ್ಮೋರನ್ನ ಕರೀಲಾ? ಹುಷಾರಾಗಿ ಮಾಡಿಸ್ತೀನಿ."

"ಬೇಡ ಸಾರ್."

ಅವರು ಒಳಗೆ ಹೋಗಿ ಮೊಳೆಯಿಂದ ಕತ್ತರಿ ತೆಗೆದುಕೊಂಡು ಬಂದರು. ಗೊಂಬೆಯ ಸೊಂಟದ ನೇರಕ್ಕೆ ಈ ತುದಿಯಿಂದ ಆ ತುದಿಗೆ ದಾರ ಎಳೆದರು. ಒಂದು ಕಣ್ಣು ಮುಚ್ಚಿ ನೇರ ನೋಡಿದರು. ದಾರವನ್ನು ಇನ್ನೊಂದಿಷ್ಟು ಕೆಳಗೆ ಸರಿಸಿದರು.

"ಒಂದಿಂಚು ಕಮ್ಮಿ ಮಾಡಿದ್ರಲ್ಲ ರಾಯರೇ?" ಎಂದ ಕಂಬಣ್ಣ.

"ಬೆಳೆಯೋ ಮಕ್ಕಳಿಗೆ ಹೊಲಿಯೋವಾಗ ಒಂದಿಂಚು ಜಾಸ್ತಿ ಬಿಡ್ತೀವಪ್ಪ. ಬೆಳೆಯೋ ಗಿಡಕ್ಕೆ ಒಂದಿಂಚು ಕಮ್ಮಿ."

ಮೊದಲ ಕೊಂಬೆಗೆ ಕತ್ತರಿಯಿಟ್ಟು ಅವರು ಕೊಂಚ ಹೊತ್ತು ಹಾಗೇ ನಿಂತರು. ಆಮೇಲೆ ಚಕ್ ಎಂದಿತು. ಮತ್ತೊಂದು ಚಕ್. ಅನಂತರ ಚಕಚಕ, ಬೀದಿಗೆಲ್ಲ ಪರಿಚಯವಿದ್ದ ಅದೇ ಸದ್ದು. ಕಂಬಣ್ಣ ಎಲೆಗಳನ್ನು ಬಾಚಿ ಬುಟ್ಟಿಗೆ ತುಂಬಿದ. ಆಳುಗಳು ಗಾಡಿಯಲ್ಲಿ ಕೂತು ಮತ್ತೆ ಬೀಡಿ ಹಚ್ಚಿದರು. ಇನ್ಸ್‌ಪೆಕ್ಟರು, "ಎಡಗಡೆ ಚೆನ್ನಾಗಿ ಬಂದಿದೆ" ಎಂದು ಯಾರೂ ಕೇಳದಿದ್ದರೂ ಹೇಳಿ, ಮುಂದಿನ ಮನೆಗೆ ಹೋದರು.

ಬೇಲಿ ಇಳಿಯುತ್ತ ಬಂದಂತೆ ಅದರ ಆಚೆ ಛತ್ರಿಯ ತುದಿ ಕಂಡಿತು. ಆಮೇಲೆ ಇಡೀ ಛತ್ರಿ. ಆಮೇಲೆ ಬೆಳ್ಳಗಿನ ತಲೆ, ಕನ್ನಡಕ, ಮೂಗು. ಕೊನೆಗೆ ಟೀಚರಮ್ಮನ ಮುಖ ಪೂರ್ತಿ ಕಂಡಿತು. ಒಂದು ವರ್ಷದಲ್ಲಿ ಮುಖ ಕೊಂಚ ಇಳಿದಿತ್ತು. ಅವರಿಗೂ ಇಂಚುರಾಯರ ಮುಖ ಹಾಗೇ ಕಂಡಿರಬೇಕು.

"ದೂರು ಕೊಟ್ಟೋಳು ನಾನೇ" ಎಂದರು ಟೀಚರಮ್ಮ.

ಕತ್ತರಿ ನಿಂತಿತು. "ನನಗೇ ಹೇಳಬಹುದಾಗಿತ್ತಲ್ಲ ಟೀಚರಮ್ಮ."

"ಹೇಳೋಕೆ ನಿಮ್ಮ ಮುಖ ಕಾಣಬೇಕಲ್ಲ! ದಿನಾ ಸಂಜೆ ಬಂದು ಇಲ್ಲಿ ನಿಲ್ತಿದ್ದೆ. ಒಳಗೆ ಮೆಷಿನ್ನು ಓಡೋ ಸದ್ದು ಕೇಳ್ತಿತ್ತು, ಸರಿ, ಇದಾರೆ ಅಂತ ಹೋಗ್ತಿದ್ದೆ. ಮನುಷ್ಯರು ಎಷ್ಟು ದಿನ ಅಂತ ಗಿಡದ ಹತ್ರ ಮಾತಾಡ್ತಾರೆ?"

ಇಂಚುರಾಯರು ಉಳಿದಿದ್ದ ಒಂದು ಮೂಲೆಯನ್ನು ಕತ್ತರಿಸಿದರು. ಟೀಚರಮ್ಮ ಛತ್ರಿಯನ್ನು ಗೇಟಿಗೆ ನೇತುಹಾಕಿ, ಕತ್ತರಿಸಿದ ಬೇಲಿಯ ಮೇಲೆ ಒಂದು ಮೊಣಕೈ ಊರಿ ನೋಡಿದರು. ಇನ್ನೊಂದನ್ನೂ ಊರಿದರು. ಸರಿಯಾಗಿ ಕೂತಿತು. ಗೊಂಬೆಯ ಕಡೆ ತಿರುಗಿ, "ಸವತಿಯನ್ನ ಒಳಗೆ ಕರ್ಕೊಂಡು ಹೋಗೇ, ಇಬ್ಬನಿ ಬೀಳತ್ತೆ" ಎಂದು ನಾದಿನಿಗೆ ಹೇಳಿದರು. ಆಮೇಲೆ, "ಕೇಳಿದ್ರಾ ರಾಯರೇ, ಮೂಲೆ ಮನೆಯವರ ಸುದ್ದಿ?" ಎಂದು ಶುರುಮಾಡಿದರು.

ಮಾತಿನ ನಡುವೆ ಇಂಚುರಾಯರು ಕೈಯಲ್ಲಿದ್ದ ಕತ್ತರಿಯ ಬಾಯನ್ನು ಬೆರಳಿಂದ ಸವರಿ ನೋಡಿದರು. ಹಸಿರು ರಸ ಅಂಟಿತ್ತು, ಅಂಚು ಮೊಂಡಾಗಿತ್ತು. ಅದನ್ನು ಬೆಳಕಿಗೆ ಹಿಡಿದು, ಯಾರಿಗೋ ಎಂಬಂತೆ ಗದರಿದರು:

"ಬಟ್ಟೆ ಕತ್ತರಿ ಕಣೇ ಅದು!"

ಬೇಲಿಯ ಆಚೆಯಿಂದ ತಡವಿಲ್ಲದೆ ಉತ್ತರ ಬಂತು.

"ಎಲೆ ಗಿಡದ ಬಟ್ಟೆ ತಾನೆ ರಾಯರೇ?" ಎಂದರು ಟೀಚರಮ್ಮ.